ಜಗದೇವಿ ಓದಲು ಬಂದ ದಿನ

ವರ್ಷಕ್ಕೊಮ್ಮೆಯಾದರೂ ಯಾರೂ ಓದದಿದ್ದರೆ ಪುಸ್ತಕದ ಅಕ್ಷರಗಳು ಅಳಿಸಿಹೋಗುತ್ತಿದ್ದವು. ಯಾದಗಿರಿ ಸೀಮೆಯ ಸಣ್ಣ ಊರೊಂದರ ಗ್ರಂಥಪಾಲಕಿ ಮಹಾನಂದಾ, ಓದುಗರು ಬರುವುದು ನಿಂತ ಮೇಲೆ ತಾನೊಬ್ಬಳೇ ಕೂತು ಓದಿ, ಆದಷ್ಟನ್ನು ಉಳಿಸಿಕೊಂಡಿದ್ದಳು. ಕಣ್ಣಿಗೆ ಪೊರೆ ಬಂದಾಗ ಬೇರೆ ದಾರಿ ಕಾಣದೆ, ಒಬ್ಬರ ಪುಸ್ತಕಗಳನ್ನು ಇನ್ನೊಬ್ಬರು ಹೋಗಿ ಓದಿಕೊಡುವ ಗ್ರಂಥಪಾಲಕರ ಸಂಘದ ಸದಸ್ಯೆಯಾದಳು.

ಮರುವಾರವೇ ಸಂಘದ ಜಗದೇವಿ ಬೀದರಿನಿಂದ ಬಂದಿಳಿದಳು.

“ಯಾವ ಕಪಾಟು ಮೊದಲು ಓದಲಿ, ಅಕ್ಕಾ?”

“ಆ ಮೂಲ್ಯಾಗಿಂದು. ಅದು ಅರ್ಧ ಅಳಿಸ್ಯಾದ.”

ಜಗದೇವಿ ಪುಸ್ತಕ ತೆರೆದು ಮನಸ್ಸಿನಲ್ಲೇ ಓದತೊಡಗಿದಳು.

“ಸ್ವಲ್ಪ ಜೋರಾಗಿ ಓದ್ತೀಯೇನವ್ವ?” ಎಂದಳು ಮಹಾನಂದಾ.

“ಮನಸ್ಸಿನ್ಯಾಗ ಓದಿದ್ರೂ ಅಕ್ಷರ ಉಳೀತಾವ್ರಿ.”

“ಗೊತ್ತದ. ಅಕ್ಷರಕ್ಕಲ್ಲ, ನನಗ.”

ಜಗದೇವಿ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ಮತ್ತೆ ಮೊದಲ ಪುಟದಿಂದ ಶುರುಮಾಡಿದಳು.