ಬೇಡಪ್ಪನ ಲೋಟ

ಕಾವಲುಗಾರ ಏರಿಯ ಮೇಲೆ ನಿಂತು ಗಾಜಿನ ಲೋಟವನ್ನು ಬಿಸಿಲಿಗೆ ಎತ್ತಿ ಹಿಡಿದದ್ದೇ ತಡ, ಕೆರೆಯ ನಡುವಿನ ದೋಣಿಯಲ್ಲಿದ್ದ ಹೆಂಗಸೊಬ್ಬಳು ತನ್ನ ಜ್ಯೂಸಿನ ಲೋಟವನ್ನೂ ಎತ್ತಿ, "ಚಿಯರ್ಸ್ ಅಣ್ಣಾ!" ಎಂದು ಕೂಗಿದಳು. ಉಳಿದ ದೋಣಿಗಳಲ್ಲೂ ಲೋಟಗಳು ಮೇಲೆದ್ದವು. ಹನ್ನೊಂದು ವರ್ಷದಲ್ಲಿ ಯಾರೂ ಅವನನ್ನು ಅಣ್ಣಾ ಎಂದಿರಲಿಲ್ಲ. ಇಲ್ಲಿ ಈಜಬೇಡಿ, ಏರಿ ಹತ್ತಬೇಡಿ ಎಂದು ಸದಾ ಗದರುವ ಅವನಿಗೆ ಬಂದವರೆಲ್ಲ ಇಟ್ಟಿದ್ದ ಹೆಸರು ಬೇಡಪ್ಪ.

ಅವನ ಲೋಟದಲ್ಲಿದ್ದದ್ದು ಆ ಮಣ್ಣಿನ ಏರಿಯ ಬುಡದಲ್ಲಿ ಜಿನುಗುವ ನೀರು. ತಿಳಿಯಾಗಿದ್ದರೆ ಚಿಂತೆಯಿಲ್ಲ, ಕದಡಿದ್ದರೆ ನೀರು ಒಳಗೊಳಗೇ ಮಣ್ಣನ್ನು ಕೊರೆದು ತರುತ್ತಿದೆ, ಏರಿ ಯಾವಾಗ ಬೇಕಾದರೂ ಒಡೆಯಬಹುದು ಎಂದರ್ಥ. ದಿನವೂ ಎತ್ತಿ ನೋಡಿ, ಯಾರೂ ಓದದ ಪುಸ್ತಕದಲ್ಲಿ 'ತಿಳಿ' ಎಂದು ಬರೆದಿಡುವುದು ಅವನ ಕೆಲಸ.

"ನೀವೂ ಬನ್ನಿ ಅಣ್ಣಾ, ಒಬ್ಬರಿಗೆ ಜಾಗ ಇದೆ!" ಎಂದಳು ಆಕೆ. ದೋಣಿ ನಿಜಕ್ಕೂ ಅವನತ್ತ ತಿರುಗಿತು. ಅವನು ನಾಚಿಕೊಂಡು ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡ. ಲೋಟವನ್ನು ಕೆಳಗಿಡಲು ಬಗ್ಗಿದಾಗಲೇ, ಮೊದಲು ನೋಡಬೇಕಾದದ್ದನ್ನು ನೋಡಿದ. ನೀರು ಕೆಂಪಗಿತ್ತು. ತಳದಲ್ಲಿ ಮಣ್ಣು ಕೂರುತ್ತಿತ್ತು.

ಇಂಜಿನಿಯರಿಗೆ ಫೋನಿನಲ್ಲಿ ಒಂದೇ ಮಾತು ಹೇಳಿದ: "ಸರ್, ಕದಡಿದೆ." ಆಮೇಲೆ ಉಸಿರಿರುವಷ್ಟೂ ಸೀಟಿ ಊದಿದ. "ಎಲ್ಲರೂ ದಡಕ್ಕೆ ಬನ್ನಿ! ಇವತ್ತು ದೋಣಿ ಬೇಡ, ಮನೆಗೆ ಹೊರಡಿ!"

"ಶುರುವಾಯ್ತಲ್ಲ ಬೇಡಪ್ಪಂದು," ಎಂದಿತು ಅದೇ ಹೆಣ್ಣುಧ್ವನಿ. ದೋಣಿಗಳು ಗೊಣಗುತ್ತಾ ಒಂದೊಂದಾಗಿ ದಡ ಸೇರಿದವು. ಕತ್ತಿನ ಗುಂಡಿ ಬಿಚ್ಚಲು ಮರೆತು ಅವನು ಸೀಟಿ ಊದುತ್ತಲೇ ಇದ್ದ.