ಹೆಬ್ಬೆಟ್ಟಿನ ಪ್ರವೇಶ

ಆಹ್ವಾನಪತ್ರದಲ್ಲಿ ಮೂರನೆಯ ತಪ್ಪು ಸಿಕ್ಕಾಗ ಮುದುಕ ಮೀಸೆಯೊಳಗೇ ನಕ್ಕ.

“‘ಆವ್ಹಾನ’ ಅಂತ ಅಚ್ಚು ಹಾಕಿಸಿದ್ದಾರೆ. ಹ ಎಲ್ಲಿ, ವ ಎಲ್ಲಿ ಅಂತ ಗೊತ್ತಿಲ್ಲದವರು ವಿಶ್ವವಿದ್ಯಾಲಯ ನಡೆಸ್ತಾರೆ. ನಿಮ್ಮಮ್ಮನಿಗೆ ತಕ್ಕ ಜಾಗ.”

ಮಗಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಅವಳು ದರ್ಜಿ. ಕಾಲರು ಕೂರಿಸುವಾಗ ಯಾರಿಗೂ ಉತ್ತರ ಕೊಡುವವಳಲ್ಲ.

ಮುದುಕ ನಲವತ್ತು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ನೋಡಿದವನು. ಕೆಂಪು ಪೆನ್ಸಿಲ್ ಈಗಲೂ ಕಿವಿಯ ಮೇಲೆಯೇ ಇರುತ್ತಿತ್ತು. ‘ನಾನು ಅಕ್ಷರ ನೋಡುವವನು, ಅರ್ಥವೇನಿದ್ದರೂ ಬರೆದವನ ಪಾಡು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ತಪ್ಪಾಗಿ ಹೊಡೆದುಹಾಕಿದ ಪದವನ್ನು ಉಳಿಸಬೇಕಾದರೆ ಅದರ ಕೆಳಗೆ ಚುಕ್ಕಿಗಳ ಸಾಲು ಇಡುವುದು ಆ ಕೆಲಸದ ಪದ್ಧತಿ. ಅವನು ಒಮ್ಮೆಯೂ ಚುಕ್ಕಿ ಇಟ್ಟವನಲ್ಲ.

ಅಂಥವನು ಕಟ್ಟಿಕೊಂಡವಳು ಹೆಬ್ಬೆಟ್ಟು. ‘ಇಸ್ವವಿದ್ಯಾಲಯ’ ಎನ್ನುತ್ತಿದ್ದಳು. ಬಂದವರ ಮುಂದೆ ಅವನು ಆ ಪದವನ್ನು ಮೂರು ಸಲ ಹೇಳಿಸುತ್ತಿದ್ದ. ನಾಲ್ಕನೆಯ ಸಲಕ್ಕೆ ಅವಳು ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಬಲ ಹೆಬ್ಬೆಟ್ಟಿನ ಮೇಲೆ ಚಾಕು ತಾಗಿದ ಓರೆ ಗೀರೊಂದಿತ್ತು. ಗುರುತು ಒತ್ತಿದಾಗಲೆಲ್ಲ ಅದೂ ಮೂಡುತ್ತಿತ್ತು. “ನಿನ್ನ ಸಹಿಯಲ್ಲೂ ಚಿತ್ತು,” ಎಂದು ಅವನು ಹಂಗಿಸುತ್ತಿದ್ದ.

ಅದೇ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಹರೆಯದ ಕಾಲಕ್ಕೆ ಅವನು ಎರಡು ಸಲ ಡುಮ್ಕಿ ಹೊಡೆದಿದ್ದ. ಅವಳಿಗೆ ಪರೀಕ್ಷೆಯೇ ಬೇಕಾಗಲಿಲ್ಲ. ಅರವತ್ತೆಂಟನೆಯ ವಯಸ್ಸಿನಲ್ಲಿ ಹೆಬ್ಬೆಟ್ಟು ಒತ್ತಿ ಸೇರಿಕೊಂಡಳು. ಅವಳು ಹೋದ ದಿನ ವಿಶ್ವವಿದ್ಯಾಲಯದ್ದೇ ಗಾಡಿ ಬಾಗಿಲಿಗೆ ಬಂದಿತ್ತು. ಬೀದಿಯೆಲ್ಲ ನಿಂತು ನೋಡಿತು. ಅದಾಗಿ ಎಂಟು ತಿಂಗಳು. ಬೆಳಗಿನ ಪ್ರಾರ್ಥನೆಯಲ್ಲಿ ಅವಳ ಹೆಸರನ್ನು ಯಾವ ಸಾಲಿಗೆ ಸೇರಿಸಬೇಕೆಂದು ತಿಳಿಯದೆ ಅವನ ನಾಲಗೆ ಈಗಲೂ ತಡವರಿಸುತ್ತಿತ್ತು.

“ಎಂಟೂವರೆ ಬಸ್ಸು. ಎರಡನೇ ಗೇಟು. ಪೂರ್ವದ ಕಟ್ಟಡ,” ಎಂದು ಅವನು ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಂಡ. “ಮುಕ್ತ ದಿನವಂತೆ. ಬಾಕಿ ದಿನ ಬೀಗ ಜಡಿದಿರ್ತಾರೇನು?”

“ಆ ಕಟ್ಟಡಕ್ಕೆ ಜಡಿದಿರ್ತಾರೆ. ಸ್ವೆಟರ್ ಹಾಕ್ಕೋ ಅಪ್ಪ. ಒಳಗೆ ಚಳಿ.”

“ಎರಡು ಕಂಬಳಿ ಹೊದ್ದು ಮಲಗ್ತಿದ್ದವಳು.” ಅವನು ಗೂಟದ ಮೇಲಿನ ಶಾಲಿನತ್ತ ನೋಡಿದ. “ಅವಳ ಶಾಲು ತಗೊಂಡು ಹೋಗೋಣವಾ?”

“ಅದನ್ನೆಲ್ಲ ಒಳಗೆ ಬಿಡಲ್ಲ.”

“ಮಾತಾಡಬಹುದು ತಾನೇ?”

“ನೀನು ಮಾತಾಡಬಹುದು.”

ಅವನು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದ. ‘ನಮ್ಮ ಮಕ್ಕಳಿಗೆ ಮೊದಲ ಪಾಠ ಹೇಳುವ ಗುರುಗಳ ಮನೆಯವರಿಗೆ’ ಎಂದಿತ್ತು. ಪೆನ್ಸಿಲ್ ಒಂದು ಪದದ ಮೇಲೆ ನಿಂತಿತು.

“ಗುರುಗಳಂತೆ. ಅ ಆ ಬರದವಳು ಪಾಠ ಹೇಳ್ತಾಳಂತೆ. ಕಿವಿ ಮೇಲೆ ಹೂ ಇಡೋಕೆ ಇವರಿಗೆ ನಾನೇ ಸಿಕ್ಕಿದೆನಾ?”

“ಮಕ್ಕಳು ಅವಳ ಸುತ್ತ ಕೈಕಟ್ಟಿ ನಿಲ್ತಾರಂತೆ.”

“ನಿಲ್ಲಲಿ. ಅವರಿಗೂ ಕಾಗುಣಿತ ಬರಲಿಕ್ಕಿಲ್ಲ.” ‘ಗುರುಗಳ’ ಎಂಬ ಪದಕ್ಕೆ ಅಡ್ಡಗೆರೆ ಎಳೆದು ಹೊಡೆದುಹಾಕಿದ.

ಹೊಲಿಗೆ ಯಂತ್ರ ನಿಂತಿತು.

“ಇಷ್ಟು ತಾತ್ಸಾರ ಇದ್ರೆ ಯಾಕೆ ಬರ್ತೀಯ?”

“ಒಂದೇ ಮಾತು ಕೇಳಬೇಕು. ನಲವತ್ತಾರು ವರ್ಷ ಜೊತೆಗಿದ್ದವಳು, ನನ್ನನ್ನ ಕೇಳದೆ ಹೇಗೆ ಸೇರಿದೆ ಅಂತ.” ಕೊನೆಯ ಪದದಲ್ಲಿ ಧ್ವನಿ ಜಾರಿತು. ಕೆಮ್ಮಿ ಮುಚ್ಚಿಕೊಂಡ.

“ಕೇಳಿದ್ಲು,” ಎಂದಳು ಮಗಳು. “ಅರ್ಜಿ ತಂದು ನಿನ್ನ ಮುಂದೇ ಇಟ್ಲು. ಓದಿ ಹೇಳಿ ಅಂದ್ಲು. ನೀನು ತಲೆಬರಹದಲ್ಲಿ ಒಂದು ಮಹಾಪ್ರಾಣ ಹೊಡೆದುಹಾಕಿ, ‘ಈಗ ಸರಿಯಾಯ್ತು, ತಗೊಂಡು ಹೋಗು’ ಅಂದೆ. ಅಮ್ಮ ಅದನ್ನೇ ಒಪ್ಪಿಗೆ ಅಂದ್ಕೊಂಡ್ಲು.”

“ಸುಳ್ಳು.”

“ನಾಳೆ ನೋಡ್ಕೋ. ಅರ್ಜಿ ಅವಳ ಹತ್ರಾನೇ ಇಟ್ಟಿರ್ತಾರಂತೆ.”

ಮರುದಿನ ಎರಡನೆಯ ಗೇಟಿನ ಒಳಗೆ ಜಾತ್ರೆಯಷ್ಟು ಜನ. ಮಕ್ಕಳ ಕೈಹಿಡಿದು ಎಳೆದಾಡುವ ತಂದೆತಾಯಿಯರು, ಬಣ್ಣದ ಕಾಗದ ಹಂಚುವ ಹುಡುಗಿಯರು. ಪೂರ್ವದ ಕಟ್ಟಡ ತಲುಪುವಷ್ಟರಲ್ಲಿ ಮುದುಕ ಗೋಡೆಯ ಬರಹಗಳಲ್ಲಿ ನಾಲ್ಕು ತಪ್ಪು ಹಿಡಿದು, ನಾಲ್ಕನ್ನೂ ಮಗಳಿಗೆ ತೋರಿಸಿದ. ಪೂರ್ವದ ಕಟ್ಟಡದ ಮುಂದೆ ಗಲಾಟೆ ಇರಲಿಲ್ಲ. ಏಳೆಂಟು ಮನೆಯವರು, ಅಷ್ಟೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಬೀಗ ತೆಗೆದ ನೌಕರ ಪಟ್ಟಿ ನೋಡಿ, “ಆರನೆಯದು,” ಎಂದ.

ಒಳಗೆ ಚಳಿಯೇ ಇತ್ತು. ಮೂಗಿಗೆ ಘಾಟು ಹೊಡೆಯಿತು. ಗೋಡೆಗೆ ಒತ್ತಿ ನಿಂತಿದ್ದ ವಿದ್ಯಾರ್ಥಿಗಳು ಇವರನ್ನು ಕಂಡು ತಲೆ ತಗ್ಗಿಸಿದರು. ಪ್ರೊಫೆಸರ್ ಹೆಂಗಸು ಮುಂದೆ ಬಂದು, “ಇವರಿಂದ ನಾವು ತುಂಬ ಕಲಿತೆವು,” ಎಂದಳು. ಮುದುಕ ಆ ವಾಕ್ಯದಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ.

ಹೆಂಡತಿಯ ಎದುರು ನಿಂತ. ಅರ್ಜಿ ಅಲ್ಲೇ ಇತ್ತು. ಮೊದಲು ಅಕ್ಷರ ಓದಿದ. ಆಮೇಲೆ, ನಲವತ್ತು ವರ್ಷಗಳಲ್ಲಿ ಮೊದಲ ಸಲ, ಅರ್ಥ ಓದಿದ.

ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ಮಗಳು ತೋಳು ಹಿಡಿದಳು. ಅವನು ಮೆಲ್ಲಗೆ ಬಿಡಿಸಿಕೊಂಡ. ಜೇಬಿನ ಕಾರ್ಡನ್ನು ಅಂಗೈ ಮೇಲಿಟ್ಟು, ತಾನು ಹೊಡೆದುಹಾಕಿದ ‘ಗುರುಗಳ’ ಎಂಬ ಪದದ ಕೆಳಗೆ ಒಂದೊಂದೇ ಚುಕ್ಕಿ ಇಟ್ಟ.

ಆ ಕಾರ್ಡನ್ನು ಬಿಳಿ ಬಟ್ಟೆಯಿಂದ ಹೊರಗುಳಿದಿದ್ದ ತಣ್ಣನೆಯ ಹೆಬ್ಬೆಟ್ಟಿನ ಪಕ್ಕ, ಓರೆ ಗೀರಿಗೆ ತಾಗುವಂತೆ ಇಟ್ಟ. ಮೇಜಿನ ಅಂಚಿಗೆ ತೂಗುಹಾಕಿದ್ದ ಅರ್ಜಿಯ ತಲೆಬರಹದಲ್ಲಿ ಅವನದೇ ಕೆಂಪು ಗೆರೆ ‘ಧ’ವನ್ನು ‘ದ’ ಮಾಡಿತ್ತು: ‘ಮರಣಾನಂತರ ದೇಹದಾನ.’