ತೊಳೆದಿಟ್ಟ ಮನೆ

ಟೈಲರಮ್ಮ ಬಿಸಾಡಿದ ಹೊಲಿಗೆ ಯಂತ್ರವನ್ನು ಎದುರುಮನೆಯ ನರ್ಸ್ ಕಸದ ರಾಶಿಯಿಂದ ಎತ್ತಿಕೊಂಡು ಹೋಗುತ್ತಿದ್ದಳು. ಹಿಂದೆಯೇ ಅವಳ ತಮ್ಮ, ತಲೆಯ ಮೇಲೆ ಕೆಸರು ಸೋರುವ ಹಾಸಿಗೆ.

“ರೀ, ಬನ್ನಿ ಇಲ್ಲಿ,” ಟೈಲರಮ್ಮ ಕಿಟಕಿಯ ಸಂದಿಯಿಂದ ಕಣ್ಣು ತೆಗೆಯದೆ ಗಂಡನನ್ನು ಕರೆದಳು. “ನೆರೆಯ ಒಂದು ಹನಿ ನೀರೂ ಮನೆಯೊಳಗೆ ಬರದೋಳಿಗೆ ನಮ್ಮ ಹಾಳುಮೂಳು ಯಾಕಂತೆ?”

ಗಂಡ ಇಣುಕಿದ. “ಪರಿಹಾರಕ್ಕೆ ಕಣೇ. ನಾಳೆ ಅಧಿಕಾರಿ ಬಂದಾಗ ಹಾಳಾಗಿದ್ದು ತನ್ನ ಮನೇದೇ ಅಂತ ತೋರಿಸ್ತಾಳೆ.”

ಚರಂಡಿಯ ಜಗಳದಿಂದ ಎರಡೂ ಮನೆಗೆ ಮಾತಿರಲಿಲ್ಲ. ನೆರೆ ಇಳಿದ ಮೇಲೆ ಟೈಲರಮ್ಮ ಸೆರಗು ಸಿಕ್ಕಿಸಿ ಮನೆ ತೊಳೆಯುವಾಗ ನರ್ಸ್ ಕಾಂಪೌಂಡಿನ ಮೇಲಿದ್ದ ಬೆಕ್ಕಿಗೆ ಹೇಳುವವಳಂತೆ ಅಂದಿದ್ದಳು: “ಕೆಲವರಿಗೆ ತೊಳೆಯೋ ಹುಚ್ಚು. ಅದೂ ಯಾವಾಗ ತೊಳೀಬಾರ್ದೋ ಆವಾಗ!”

ಟೈಲರಮ್ಮ ಮತ್ತೆರಡು ಬಕೆಟ್ ಹೆಚ್ಚಿಗೆ ಸುರಿದಿದ್ದಳು. ಸರ್ಕಾರದವರು ಬರುವ ಮನೆ. ಕೆಸರು, ನಾತ ನೋಡಿ ಮೂಗು ಮುಚ್ಚಿಕೊಂಡರೆ ಮಾನ ಎಲ್ಲಿ ಉಳಿದೀತು? ಗೋಡೆಗೆ ಸುಣ್ಣ ಬಳಿಸಿದ್ದಳು. ಉಬ್ಬಿದ ಬೀರು, ಹಾಸಿಗೆ, ರಿಪೇರಿಯವನು ಕೈಚೆಲ್ಲಿದ ಯಂತ್ರ, ಎಲ್ಲವನ್ನೂ ಬೀದಿಯ ತುದಿಗೆ ಸಾಗಿಸಿದ್ದಳು. ಮನೆಗೆ ವಿಮೆ ಮಾಡಿಸಿರಲಿಲ್ಲ. ಪರಿಹಾರ ಬಂದರೆ ಹೊಸ ಯಂತ್ರ. ಬಾರದಿದ್ದರೆ ಹೊಲಿಗೆಯೂ ಇಲ್ಲ, ಊಟಕ್ಕೂ ತತ್ವಾರ.

ಮರುದಿನ ಬಂದ ಅಧಿಕಾರಿ ಹೊಳೆಯುವ ನೆಲದ ಮೇಲೆ ಚಪ್ಪಲಿ ಊರಲು ಹಿಂಜರಿದ. ಗೋಡೆ ಸವರಿದ. ಬೆರಳಿಗೆ ಸುಣ್ಣ ಮೆತ್ತಿತು.

“ನೀರು ಎಲ್ಲೀವರೆಗೆ ಬಂದಿತ್ತಮ್ಮಾ?”

“ಎದೆಮಟ್ಟ ಸಾರ್.”

“ಹಾಳಾದ ಸಾಮಾನು?”

“ಬಿಸಾಕ್ಬಿಟ್ಟೆ. ನೀವು ಬರೋ ಮನೇಲಿ ಅದೆಲ್ಲ ಇಟ್ಕೊಳ್ಳೋಕಾಗುತ್ತಾ?”

ಅಧಿಕಾರಿ ನಿಟ್ಟುಸಿರಿಟ್ಟ. “ಕಣ್ಣಾರೆ ನೋಡದೆ ನಾನು ಬರೆಯೋ ಹಾಗಿಲ್ಲ ತಾಯಿ.”

ಗಂಡ ಹೆಂಡತಿಯ ಮುಖ ನೋಡಿದ. ಅವಳ ಹೊಟ್ಟೆಯ ಉರಿಯೆಲ್ಲ ನಾಲಿಗೆಗೆ ಬಂತು.

“ಹಾಗಾದ್ರೆ ಎದುರುಮನೆಗೆ ಹೋಗಿ ಸಾರ್! ನಮ್ಮದನ್ನೆಲ್ಲ ಕದ್ದು ತುಂಬ್ಕೊಂಡಿದ್ದಾಳೆ. ಆ ಕಳ್ಳಿಗೆ ಒಂದು ಕಾಸೂ ಕೊಡಬೇಡಿ!”

ಅಧಿಕಾರಿ ರಸ್ತೆ ದಾಟಿದ. ಟೈಲರಮ್ಮ ಕಿಟಕಿಗೆ ಅಂಟಿಕೊಂಡಳು. ಅವನು ನರ್ಸ್ ಜಗಲಿಯಲ್ಲಿಟ್ಟಿದ್ದ ಬೀರುವಿನ ಫೋಟೊ ತೆಗೆದ, ಯಂತ್ರವನ್ನು ತಿರುಗಿಸಿ ನೋಡಿದ. ನರ್ಸ್ ಕೈಯಾಡಿಸಿ ಏನೋ ಹೇಳುತ್ತ ಈ ಮನೆಯತ್ತ ಬೆರಳು ತೋರಿಸಿದಳು.

“ನಮ್ಮ ಮೇಲೇ ಗೂಬೆ ಕೂರಿಸ್ತಿದ್ದಾಳೆ ನೋಡಿ,” ಎಂದು ಟೈಲರಮ್ಮ ಹಲ್ಲು ಕಡಿದಳು.

ಅಧಿಕಾರಿ ವಾಪಸು ಬಂದ. “ಎಲ್ಲಾ ಬರ್ಕೊಂಡೆ ತಾಯಿ.”

“ಅವಳ ಹೆಸರಿಗಾ?”

“ನಿಮ್ಮ ಹೆಸರಿಗೆ. ಹೇಳಿದ್ರೆ ನೀವು ಕೇಳಲ್ಲ, ತೊಳೆದು ಬಿಸಾಕ್ತೀರಿ ಅಂತ ಆ ನರ್ಸಮ್ಮನೇ ಎತ್ತಿಟ್ಟು ನನ್ನ ದಾರಿ ಕಾಯ್ತಿದ್ರು.” ಅಧಿಕಾರಿ ಮೆಟ್ಟಿಲಿಳಿದು, ದನಿ ತಗ್ಗಿಸಿದ. “ನೀವಂದ ಮಾತನ್ನ ನಾನು ಅವರಿಗೆ ಹೇಳಿಲ್ಲ.”